ಬೀದಿ ಎಷ್ಟು ಕಲಿಸುತ್ತದೆ? ಟರ್ಬೊ ಎಂಜಿನ್ ಟ್ಯೂನಿಂಗ್: ಒಂದು ಸಮೀಕ್ಷೆ

ಮೈಸೂರಿನಲ್ಲಿ ತಯಾರಾದ ಜಾವಾ ಬೈಕನ್ನು ಓಡಿಸಿ ಬೆಳೆದ ತಲೆಮಾರಿಗೆ ಟ್ಯೂನಿಂಗ್ ಎಂದರೇನು ಎಂದು ಹೇಳಿಕೊಡಬೇಕಿಲ್ಲ. ಗಾಡಿಯನ್ನು ಒಂದು ಸುತ್ತು ಓಡಿಸಿ ತಂದು, ಪ್ಲಗ್ ಬಿಚ್ಚಿ, ಅದರ ತುದಿಯ ಬಣ್ಣ ನೋಡುತ್ತಿದ್ದರು. ಮಸಿಗಪ್ಪಾಗಿದ್ದರೆ ಪೆಟ್ರೋಲು ಜಾಸ್ತಿ, ಸುಣ್ಣದ ಹಾಗೆ ಬೆಳ್ಳಗಿದ್ದರೆ ಕಮ್ಮಿ, ಕಾಫಿಪುಡಿಯ ಬಣ್ಣಕ್ಕೆ ಬಂದರೆ ಸರಿ. ಕಾರ್ಬೊರೇಟರಿನ ಸ್ಕ್ರೂ ಕಾಲು ಸುತ್ತು ಆಚೆಗೋ ಈಚೆಗೋ ತಿರುಗುತ್ತಿತ್ತು. ಲೆಕ್ಕ ತಪ್ಪಿದರೆ ಗಾಡಿ ಹೊಗೆ ಕಾರುತ್ತಿತ್ತು, ಇಲ್ಲವೇ ಏರಿನಲ್ಲಿ ಎಳೆಯುತ್ತಿರಲಿಲ್ಲ. ತೀರಾ ಕೆಟ್ಟರೆ ಪಿಸ್ಟನ್ ಸೀಜ್ ಆಗುತ್ತಿತ್ತು. ಬೀದಿಯೇ ಶಾಲೆ, ಕಣ್ಣು ಕಿವಿಗಳೇ ಮಾಪಕ.

ಇದೇ ಕ್ರಮದಲ್ಲಿ, ಮಾರ್ಪಡಿಸಿ ಟರ್ಬೊ ಕೂರಿಸಿದ ಕಾರಿನ ಎಂಜಿನನ್ನೂ ಟ್ಯೂನ್ ಮಾಡಲು ಕಲಿಯಬಹುದೇ? ಸ್ಕ್ರೂಡ್ರೈವರಿನ ಜಾಗಕ್ಕೆ ಲ್ಯಾಪ್‌ಟಾಪ್ ಬಂದಿದೆ, ಪ್ಲಗ್ಗಿನ ಬಣ್ಣದ ಜಾಗಕ್ಕೆ ಸೆನ್ಸರ್ ಬಂದಿದೆ, ಅಷ್ಟೇ ತಾನೇ ಎನ್ನುವವರಿದ್ದಾರೆ. ಎಂಜಿನ್ನಿನ ಶಕ್ತಿ ಅಳೆಯುವ ಡೈನೊ ಯಂತ್ರದ ಮೇಲೆ ಕಾರನ್ನು ಕಟ್ಟಿಹಾಕದೆ ಟ್ಯೂನಿಂಗಿಗೆ ಕೈ ಹಾಕುವುದೇ ಮೂರ್ಖತನ ಎನ್ನುವವರೂ ಇದ್ದಾರೆ. ಎರಡು ಪಕ್ಷದಲ್ಲೂ ಅನುಭವಸ್ಥರೇ ಇದ್ದಾರೆ. ಆದರೆ ಇಬ್ಬರೂ ಟ್ಯೂನಿಂಗನ್ನು ಒಂದೇ ಕೆಲಸವೆಂದು ಭಾವಿಸಿ ವಾದಿಸುತ್ತಾರೆ. ಅದರೊಳಗೆ ಎರಡು ಬೇರೆ ಬೇರೆ ಕೆಲಸಗಳಿವೆ: ಇಂಧನವನ್ನು ಹೊಂದಿಸುವುದು ಒಂದು, ಕಿಡಿಯ ವೇಳೆಯನ್ನು ಹೊಂದಿಸುವುದು ಇನ್ನೊಂದು. ಇವುಗಳಲ್ಲಿ ಮೊದಲನೆಯದನ್ನು ಬೀದಿ ಚೆನ್ನಾಗಿ ಕಲಿಸುತ್ತದೆ. ಎರಡನೆಯದನ್ನು ಕಲಿಸುವುದಿಲ್ಲ, ದಂಡ ಮಾತ್ರ ವಸೂಲು ಮಾಡುತ್ತದೆ.

ಹಳೆಯ ಪಾಠಗಳು

ಎಂಜಿನ್ ಹೊರಬಿಡುವ ಬಿಸಿ ಅನಿಲದಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಇನ್ನಷ್ಟು ಗಾಳಿಯನ್ನು ಎಂಜಿನ್ನಿಗೆ ತುರುಕುವ ವಿಚಾರಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಪೇಟೆಂಟ್ ಪಡೆದದ್ದು 1905ರಲ್ಲಿ. ಜನ ಕೊಳ್ಳುವ ಕಾರಿಗೆ ಅದು ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಷೆವ್ರೊಲೆ ಕೊರ್ವೇರ್ ಕಾರುಗಳಲ್ಲಿ. ಜೆಟ್‌ಫೈರ್‌ನ ಕಥೆ ಇಂದಿಗೂ ಪಾಠ. ಅದರ ಕಂಪ್ರೆಷನ್ 10.25ಕ್ಕೆ 1, ಅದರ ಮೇಲೆ ಟರ್ಬೊ ಒತ್ತಡ. ನಾಕಿಂಗ್, ಅಂದರೆ ಸಿಲಿಂಡರಿನೊಳಗಿನ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರಾವಣವನ್ನು ಗಾಳಿಯ ದಾರಿಗೆ ಸಿಂಪಡಿಸುತ್ತಿದ್ದರು. ಅದಕ್ಕೆ ‘ಟರ್ಬೊ ರಾಕೆಟ್ ಫ್ಲೂಯಿಡ್’ ಎಂಬ ಭರ್ಜರಿ ಹೆಸರು. ಮಾಲೀಕರು ಅದನ್ನು ತುಂಬಿಸಲು ಮರೆಯುತ್ತಿದ್ದರು. ಕಡೆಗೆ ಎಷ್ಟೋ ಕಾರುಗಳಿಂದ ಟರ್ಬೊವನ್ನೇ ಬಿಚ್ಚಿ ಕಳಿಸಬೇಕಾಯಿತು.

ನಾಕಿಂಗಿಗೆ ಮೊದಲ ನಂಬಲರ್ಹ ಕಾವಲುಗಾರನನ್ನು ಕೂರಿಸಿದವರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಮುಖ್ಯ. 1980ರ ದಶಕದ ಆರಂಭದಲ್ಲಿ ಅದು ತಂದ ವ್ಯವಸ್ಥೆಯಲ್ಲಿ ಎಂಜಿನ್ ಬ್ಲಾಕಿಗೆ ಅಂಟಿದ ಸೆನ್ಸರ್ ನಾಕಿಂಗ್ ಸದ್ದನ್ನು ಕೇಳಿಸಿಕೊಂಡು, ಕೂಡಲೇ ಟರ್ಬೊ ಒತ್ತಡವನ್ನು, ಅಂದರೆ ಬೂಸ್ಟನ್ನು, ಇಳಿಸುತ್ತಿತ್ತು. ಇಂದಿನ ಕಂಪನಿ ಕಾರುಗಳೆಲ್ಲ ಈ ದಾರಿಯ ವಾರಸುದಾರರೇ. ಆದರೆ ಮನೆಯಲ್ಲಿ ಟರ್ಬೊ ಕೂರಿಸಿಕೊಂಡವನ ಕಾರಿನಲ್ಲಿ ಈ ಕಾವಲುಗಾರ ಇರುವುದಿಲ್ಲ, ಅಥವಾ ಇದ್ದರೂ ಹೊಸ ಎಂಜಿನ್ ಸದ್ದಿಗೆ ಅವನ ಕಿವಿ ಪಳಗಿರುವುದಿಲ್ಲ. ಅಲ್ಲಿಂದಲೇ ಕಲಿಕೆಯ ತೊಂದರೆ ಶುರು.

ಒಂದು ಕಾರು, ಒಂದು ಕೋಷ್ಟಕ

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಕಾರನ್ನು ಹಿಡಿದುಕೊಳ್ಳೋಣ. ಅಮೆರಿಕದಲ್ಲಿ ಮನೆಯಂಗಳದ ಟರ್ಬೊ ಪ್ರಯೋಗಕ್ಕೆ ಹೆಚ್ಚು ಒಳಗಾದ ಕಾರುಗಳಲ್ಲಿ ಮಾಜ್ದಾ ಮಿಯಾಟಾ ಒಂದು. 1989ರಲ್ಲಿ ಬಂದ ಪುಟ್ಟ ಎರಡು ಸೀಟಿನ ಗಾಡಿ. 1994ರ ಮಾದರಿಯಿಂದ ಅದರಲ್ಲಿ 1839 ಸಿಸಿ ಎಂಜಿನ್, ಸಿಲಿಂಡರ್ ವ್ಯಾಸ 83 ಮಿಮೀ, 128 ಅಶ್ವಶಕ್ತಿ, ಟರ್ಬೊ ಇಲ್ಲ. ಟರ್ಬೊ ಕೂರಿಸಿದವರು ಎಂಜಿನ್ ನಿಯಂತ್ರಿಸುವ ಮೂಲ ಕಂಪ್ಯೂಟರಿನ (ಇಸಿಯುವಿನ) ಬದಲು ಹೆಚ್ಚಾಗಿ ಬಳಸಿದ್ದು ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪ್ಪೊ ಎಂಬ ಇಬ್ಬರು ರೂಪಿಸಿದ ಮೆಗಾಸ್ಕ್ವರ್ಟ್ ಎಂಬ ಅಗ್ಗದ ಇಸಿಯು. ಕೊಂಡವರು ಸ್ವತಃ ಬೆಸುಗೆ ಹಾಕಿ ಜೋಡಿಸಬೇಕಿದ್ದ ಆ ಪೆಟ್ಟಿಗೆ, ಟ್ಯೂನಿಂಗನ್ನು ದೊಡ್ಡ ವರ್ಕ್‌ಶಾಪ್‌ಗಳಿಂದ ಮನೆಯ ಗ್ಯಾರೇಜಿಗೆ ಇಳಿಸಿತು. ಆಮೇಲೆ ಆಸ್ಟ್ರೇಲಿಯದ ಸ್ಪೀಡ್ವಿನೊದಂಥವು ಅದೇ ದಾರಿಯಲ್ಲಿ ಬಂದವು.

ಈ ಪೆಟ್ಟಿಗೆಯ ಒಳಗೆ ಮುಖ್ಯವಾಗಿ ಎರಡು ಕೋಷ್ಟಕಗಳು. ಚೌಕಾಬಾರದ ಹಾಸಿನಂತೆ ಮನೆಗಳು, ಆದರೆ ಅಡ್ಡ ಹದಿನಾರು, ಉದ್ದ ಹದಿನಾರು, ಒಟ್ಟು 256. ಅಡ್ಡಕ್ಕೆ ಎಂಜಿನ್ನಿನ ವೇಗ, ಉದ್ದಕ್ಕೆ ಗಾಳಿ ಒಳಹೋಗುವ ಇಂಟೇಕ್ ಮ್ಯಾನಿಫೋಲ್ಡಿನ ಒತ್ತಡ. ಒಂದು ಕೋಷ್ಟಕದ ಪ್ರತಿ ಮನೆಯಲ್ಲಿ ಸಿಲಿಂಡರ್ ಎಷ್ಟರಮಟ್ಟಿಗೆ ಗಾಳಿ ತುಂಬಿಕೊಳ್ಳುತ್ತದೆ ಎಂಬ ಶೇಕಡಾವಾರು ಅಂಕಿ; ಇಂಧನದ ಲೆಕ್ಕ ಹುಟ್ಟುವುದು ಇಲ್ಲಿಂದ. ಇನ್ನೊಂದರ ಪ್ರತಿ ಮನೆಯಲ್ಲಿ, ಪಿಸ್ಟನ್ ಮೇಲಿನ ತುದಿಗೆ ಬರಲು ಎಷ್ಟು ಡಿಗ್ರಿ ಇರುವಾಗ ಕಿಡಿ ಹಾರಬೇಕು ಎಂಬ ಅಂಕಿ. ಸುಮ್ಮನೆ ನಿಂತು ಓಡುವ ಎಂಜಿನ್ 30–40 ಕಿಲೋಪಾಸ್ಕಲ್ ಸಾಲಿನಲ್ಲಿರುತ್ತದೆ. ಹೆದ್ದಾರಿಯಲ್ಲಿ ನಿರಾಳವಾಗಿ ಸಾಗುವಾಗ 50–70. ಸಮುದ್ರಮಟ್ಟದಲ್ಲಿ ಪೆಡಲ್ ಪೂರ್ತಿ ತುಳಿದರೆ 100. ಅದಕ್ಕೂ ಮೇಲಿನ ಸಾಲುಗಳೆಲ್ಲ ಟರ್ಬೊವಿನ ರಾಜ್ಯ.

ಒಂದು ಮನೆಯ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಒತ್ತಡ 180 ಕಿಲೋಪಾಸ್ಕಲ್, ಒಳಬರುವ ಗಾಳಿ 40 ಡಿಗ್ರಿ ಸೆಲ್ಸಿಯಸ್, ವೇಗ ನಿಮಿಷಕ್ಕೆ 6500 ಸುತ್ತು, ಕೋಷ್ಟಕದ ಅಂಕಿ 90. ಒಂದು ಸಿಲಿಂಡರಿನ 460 ಸಿಸಿ ಜಾಗದಲ್ಲಿ ಆಗ ಸುಮಾರು 0.83 ಗ್ರಾಂ ಗಾಳಿ ತುಂಬುತ್ತದೆ. ಶುದ್ಧ ಪೆಟ್ರೋಲಿನ ಒಂದು ಗ್ರಾಂ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಬೂಸ್ಟಿನಲ್ಲಿ ಉರಿಯನ್ನು ತಂಪಾಗಿಡಲು ಬೇಕೆಂದೇ ಇಂಧನ ಹೆಚ್ಚಿಸುತ್ತಾರೆ: ಲ್ಯಾಂಬ್ಡಾ (ಪೂರ್ತಿ ಉರಿಯಲು ಬೇಕಾದ ಗಾಳಿಯಲ್ಲಿ ಇರುವ ಪಾಲು) 0.80, ಅಂದರೆ ಗಾಳಿ ಇಂಧನದ ಅನುಪಾತ 11.8ರ ಆಸುಪಾಸು. ಹಾಗಾದರೆ ಬೇಕಾದ ಪೆಟ್ರೋಲು 70 ಮಿಲಿಗ್ರಾಂ. ನಿಮಿಷಕ್ಕೆ 550 ಸಿಸಿ ಹರಿಸುವ ಇಂಜೆಕ್ಟರ್ ಇದನ್ನು ಕೊಡಲು ಹತ್ತು ಮಿಲಿಸೆಕೆಂಡಿಗಿಂತ ಕೊಂಚ ಹೆಚ್ಚು ತೆರೆದಿರಬೇಕು. ಅದರ ಬಾಯಿ ತೆರೆಯಲು ಹಿಡಿಯುವ ಒಂದು ಮಿಲಿಸೆಕೆಂಡನ್ನೂ ಕೂಡಿಸಿ. ಆ ವೇಗದಲ್ಲಿ ಒಂದು ಪೂರ್ಣ ಆವರ್ತಕ್ಕೆ ಇರುವ ಸಮಯ 18.5 ಮಿಲಿಸೆಕೆಂಡು. ಇಂಜೆಕ್ಟರ್ ಸಾಲುತ್ತದೆ, ಇನ್ನೂ ಉಸಿರಿದೆ. ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಕೈಯಾರೆ ಮಾಡಿದವನಿಗೆ ಪರದೆಯ ಮೇಲಿನ ಅಂಕಿಗಳು ಮಂತ್ರವಾಗಿ ಕಾಣುವುದಿಲ್ಲ.

ಅದಕ್ಕೂ ಮೊದಲು ಮಾಡಬೇಕಾದ್ದೊಂದಿದೆ. ಸೋರುವ ಪೈಪಿನ ಮೇಲೆ ಟ್ಯೂನಿಂಗ್ ನಿಲ್ಲುವುದಿಲ್ಲ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಯುವುದು, ಇಂಧನದ ಒತ್ತಡ ನೋಡುವುದು, ಟರ್ಬೊವಿನ ಬಾಯಿ ಮುಚ್ಚಿ ಕಂಪ್ರೆಸರಿನಿಂದ ಗಾಳಿ ಕೊಟ್ಟು ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುವುದು, ಟೈಮಿಂಗ್ ಲೈಟ್ ಹಿಡಿದು ಇಸಿಯು ಹೇಳುವ ಡಿಗ್ರಿಯೂ ಪುಲ್ಲಿಯ ಮೇಲಿನ ಗುರುತೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದು. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವವನ ಬುದ್ಧಿ ಇಲ್ಲಿ ಬೇಕು. ಕಲಿಯುವವರು ಹಾರಿಸುವ ಮೊದಲ ಮೆಟ್ಟಿಲು ಇದೇ.

ಬೀದಿ ಚೆನ್ನಾಗಿ ಕಲಿಸುವುದು

ಇಂಧನದ ವಿಷಯದಲ್ಲಿ ಬೀದಿಯನ್ನು ಶಾಲೆಯಾಗಿಸಿದ್ದು ವೈಡ್‌ಬ್ಯಾಂಡ್ ಸೆನ್ಸರ್. ಹಳೆಯ ಆಕ್ಸಿಜನ್ ಸೆನ್ಸರ್ ಲೀನ್ (ಪೆಟ್ರೋಲು ಕಮ್ಮಿ) ಅಥವಾ ರಿಚ್ (ಪೆಟ್ರೋಲು ಜಾಸ್ತಿ) ಎಂದಷ್ಟೇ ಹೇಳುತ್ತಿತ್ತು, ಎಷ್ಟು ಎಂದು ಹೇಳುತ್ತಿರಲಿಲ್ಲ. ಬಾಷ್ ಕಂಪನಿಯ ಎಲ್‌ಎಸ್‌ಯು 4.9ರಂಥ ವೈಡ್‌ಬ್ಯಾಂಡ್ ಅಂಕಿಯನ್ನೇ ಕೊಡುತ್ತದೆ. ಟರ್ಬೊ ದಾಟಿದ ಮೇಲೆ, ನೀರು ನಿಲ್ಲದಂತೆ ತುಸು ಓರೆಯಾಗಿ ಮೇಲುಮುಖವಾಗಿ ಕೂರಿಸಿದರೆ, ಓಡುತ್ತಿರುವ ಎಂಜಿನ್ ಈಗ ಏನು ಉಣ್ಣುತ್ತಿದೆ ಎಂದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಕೋಷ್ಟಕದ ಒಂದು ಮನೆಯಲ್ಲಿ ಲ್ಯಾಂಬ್ಡಾ 1.00 ಬೇಕಿತ್ತು, 1.05 ಬಂದಿದೆ ಎಂದರೆ ಆ ಮನೆಯ ಅಂಕಿಯನ್ನು ಶೇ 5 ಏರಿಸಬೇಕು. ತಪ್ಪು ತನ್ನ ಅಳತೆಯನ್ನು ತಾನೇ ಹೇಳುತ್ತದೆ. ಕಲಿಕೆಗೆ ಇದಕ್ಕಿಂತ ಒಳ್ಳೆಯ ಗುರು ಬೇಕೇ?

ಇಂಧನದ ಕೆಲವು ಪಾಠಗಳಿಗಂತೂ ಬೀದಿಯೇ ಸರಿಯಾದ ಜಾಗ. ಚಳಿಯ ಮುಂಜಾವಿನ ಸ್ಟಾರ್ಟಿಂಗನ್ನು ತೆಗೆದುಕೊಳ್ಳಿ. ಎಂಜಿನ್ ರಾತ್ರಿಯಿಡೀ ತಣಿದಿರಬೇಕು. ದಿನಕ್ಕೆ ಸಿಗುವುದು ಒಂದೇ ಅವಕಾಶ. ಗಂಟೆಗೆ ಇಷ್ಟೆಂದು ಹಣ ತೆಗೆದುಕೊಳ್ಳುವ ಡೈನೊದಲ್ಲಿ ಇದನ್ನು ಯಾರೂ ಮಾಡುವುದಿಲ್ಲ. ಏಸಿ, ಹೆಡ್‌ಲೈಟು, ರೇಡಿಯೇಟರ್ ಫ್ಯಾನು ಮೂರೂ ಒಟ್ಟಿಗೆ ಬಿದ್ದಾಗ ಎಂಜಿನ್ ಕೆಮ್ಮಿ ನಿಲ್ಲದಂತೆ ನೋಡಿಕೊಳ್ಳುವುದು, ಪೆಡಲನ್ನು ಥಟ್ಟನೆ ತುಳಿದಾಗ ಗಾಡಿ ಮುಗ್ಗರಿಸದಂತೆ ಒಂದು ಗುಟುಕು ಹೆಚ್ಚಿನ ಪೆಟ್ರೋಲು ಕೊಡುವುದು, ಇವೆಲ್ಲ ದಿನಗಟ್ಟಲೆ ಓಡಿಸಿಯೇ ಹದಕ್ಕೆ ಬರುವಂಥವು.

ಟ್ರಾಫಿಕ್ಕಿನಲ್ಲಿ ನಿಂತಾಗಿನ ಕಾಟವಂತೂ ಡೈನೊದ ದೊಡ್ಡ ಫ್ಯಾನಿನ ಮುಂದೆ ಕಾಣಿಸಿಕೊಳ್ಳುವುದೇ ಇಲ್ಲ. ಸಿಗ್ನಲ್ಲಿನಲ್ಲಿ ಐದು ನಿಮಿಷ ನಿಂತರೆ ಬಾನೆಟ್ಟಿನ ಒಳಗಿನ ಲೋಹವೆಲ್ಲ ಕಾಯುತ್ತದೆ. ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಕೂಡ ಕಾಯ್ದು, ಒಳಗೆ ಬರುತ್ತಿರುವ ಗಾಳಿ ನಿಜಕ್ಕೂ ಇರುವುದಕ್ಕಿಂತ ಬಿಸಿ ಎಂದು ಸುಳ್ಳು ಹೇಳುತ್ತದೆ. ಬಿಸಿ ಗಾಳಿ ತೆಳುವಾದ್ದರಿಂದ ಇಸಿಯು ಪೆಟ್ರೋಲು ಕಡಿಮೆ ಮಾಡುತ್ತದೆ. ದೀಪ ಹಸಿರಾಗಿ ಹೊರಟರೆ ಗಾಡಿ ಲೀನ್ ಆಗಿ ತಡವರಿಸುತ್ತದೆ. ಇದನ್ನು ಹಿಡಿಯಲು ಸಿಗ್ನಲ್ಲೇ ಬೇಕು.

ಆದರೆ ಈ ಒಳ್ಳೆಯ ಗುರುವೂ ಕೆಲವೊಮ್ಮೆ ದಾರಿ ತಪ್ಪಿಸುತ್ತಾನೆ. ಬೂಸ್ಟ್ ಏರುತ್ತಿದ್ದಂತೆ ಎಂಜಿನ್ ಪಟಪಟನೆ ತಡವರಿಸತೊಡಗಿತು ಎನ್ನಿ. ಲ್ಯಾಪ್‌ಟಾಪಿನಲ್ಲಿ ದಾಖಲಾದ ಲಾಗ್ ತೆರೆದರೆ ಆ ಜಾಗದಲ್ಲಿ ಲ್ಯಾಂಬ್ಡಾ 0.80ರಿಂದ ನೆಟ್ಟಗೆ 1.0ರ ಕಡೆ ಹಾರಿದೆ. ಹೊಸಬನ ತೀರ್ಮಾನ: ಲೀನ್ ಆಗಿದೆ, ಪೆಟ್ರೋಲು ಸುರಿ. ಸುರಿದಷ್ಟೂ ತಡವರಿಕೆ ಹೆಚ್ಚಾಗುತ್ತದೆ. ನಡೆದದ್ದೇನೆಂದರೆ, ಬೂಸ್ಟಿನ ಒತ್ತಡದಲ್ಲಿ ಪ್ಲಗ್ಗಿನ ಕಿಡಿ ಹಾರುತ್ತಿಲ್ಲ. ಉರಿಯದೆ ಉಳಿದ ಗಾಳಿಯ ಆಮ್ಲಜನಕ ಹಾಗೆಯೇ ಹೊರಬಂದು ಸೆನ್ಸರಿಗೆ ತಾಗುತ್ತಿದೆ. ಸೆನ್ಸರ್ ಅಳೆಯುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಪ್ಲಗ್ಗಿನ ಸಂದನ್ನು 1.1 ಮಿಮೀಯಿಂದ 0.7ಕ್ಕೆ ಇಳಿಸಿದರೆ ಸಾಕು, ಅಂಕಿ ಸ್ವಸ್ಥಾನಕ್ಕೆ ಬರುತ್ತದೆ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಸೋರಿದರೂ ಇದೇ ಸುಳ್ಳು. ಅಂಕಿ ಓದಲು ಬರುವುದಕ್ಕೂ ಎಂಜಿನ್ ಅರ್ಥವಾಗುವುದಕ್ಕೂ ನಡುವಿನ ದೂರ ಇಷ್ಟು.

ಆಟೊಟ್ಯೂನ್ ಎಂಬ ಸೌಲಭ್ಯವನ್ನೂ ಇಲ್ಲೇ ತೂಗಬೇಕು. ಟ್ಯೂನರ್‌ಸ್ಟುಡಿಯೊದಂಥ ಸಾಫ್ಟ್‌ವೇರ್, ಓಡಿಸುತ್ತಿರುವಾಗಲೇ ವೈಡ್‌ಬ್ಯಾಂಡ್ ಅಂಕಿ ನೋಡಿ ಮನೆಗಳನ್ನು ತಾನೇ ತಿದ್ದುತ್ತದೆ. ನಿರಾಳ ಓಟದ ಮನೆಗಳಿಗೆ ಇದು ಒಳ್ಳೆಯ ಆಳು. ಆದರೆ ಪೆಡಲ್ ಏರಿಳಿಯುವ ಗಳಿಗೆಗಳನ್ನೂ, ಇಳಿಜಾರಿನಲ್ಲಿ ಇಂಧನವೇ ಕಡಿದುಹೋದ ಗಳಿಗೆಗಳನ್ನೂ ಲೆಕ್ಕದಿಂದ ಹೊರಗಿಡದಿದ್ದರೆ ಅದು ತಪ್ಪನ್ನೇ ಕಲಿತು ತಪ್ಪನ್ನೇ ಬರೆಯುತ್ತದೆ. ಮೊದಲ ಸಲ ಕೈಯಾರೆ ತಿದ್ದಿದವನಿಗೆ ಮಾತ್ರ ಆಳಿನ ಕೆಲಸ ಸರಿಯೋ ತಪ್ಪೋ ಗೊತ್ತಾಗುತ್ತದೆ.

ಬೀದಿ ಕಲಿಸಲಾರದ್ದು

ಈಗ ಕಿಡಿಯ ಕಡೆ ತಿರುಗೋಣ. ಕಿಡಿ ಹಾರಿದ ಕೂಡಲೇ ಒಳಗಿನ ಮಿಶ್ರಣ ಒಮ್ಮೆಗೇ ಸಿಡಿಯುವುದಿಲ್ಲ. ಒಣಹುಲ್ಲಿಗೆ ಒಂದು ತುದಿಯಲ್ಲಿ ಬೆಂಕಿ ಇಟ್ಟಂತೆ ಜ್ವಾಲೆ ಪ್ಲಗ್ಗಿನಿಂದ ಅಂಚಿನ ಕಡೆ ಹರಡುತ್ತದೆ. ಕಿಡಿ ತಡವಾದರೆ ಶಕ್ತಿ ವ್ಯರ್ಥ, ಎಕ್ಸಾಸ್ಟ್ ಬಿಸಿ. ತೀರಾ ಮುಂಚೆ ಆದರೆ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡಕ್ಕೂ ಬಿಸಿಗೂ ಸಿಕ್ಕಿ ತಾನೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಸಿಲಿಂಡರಿನೊಳಗಿನ ಅನಿಲ ಗಂಟೆ ಬಡಿದಂತೆ ಝೇಂಕರಿಸುತ್ತದೆ. ಇದೇ ನಾಕಿಂಗ್. 83 ಮಿಮೀ ವ್ಯಾಸದ ಮಿಯಾಟಾ ಎಂಜಿನ್ನಿನಲ್ಲಿ ಆ ಝೇಂಕಾರ ಸೆಕೆಂಡಿಗೆ ಸುಮಾರು 6900 ಕಂಪನಗಳ ಆಸುಪಾಸು. ಪಿಸ್ಟನ್ನಿನ ಮೈಗೆ ಅಂಟಿಕೊಂಡು ಅದನ್ನು ಉರಿಯಿಂದ ಕಾಯುವ ಅನಿಲದ ತೆಳು ಪದರವನ್ನು ಆ ಅಲೆಗಳು ಕೆರೆದುಹಾಕುತ್ತವೆ. ಕಡೆಗೆ ರಿಂಗುಗಳ ನಡುವಿನ ಪಿಸ್ಟನ್ ಅಂಚು ಮುರಿಯುತ್ತದೆ, ಆ ಸಿಲಿಂಡರಿನ ಕಂಪ್ರೆಷನ್ ಬಿದ್ದುಹೋಗುತ್ತದೆ.

ಜಾವಾ ಕಾಲದಲ್ಲಿ ಈ ಸದ್ದು ಕಿವಿಗೆ ಬೀಳುತ್ತಿತ್ತು. ಪೂರ್ತಿ ಬೂಸ್ಟಿನಲ್ಲಿ ಅರಚುವ ಟರ್ಬೊ ಎಂಜಿನ್, ಗಾಳಿಯ ಮೊರೆತ, ಟೈರಿನ ಸದ್ದುಗಳ ನಡುವೆ ಬರಿಗಿವಿಗೆ ಕೇಳುವ ಹೊತ್ತಿಗೆ ತಡವಾಗಿರುತ್ತದೆ. ತಾಮ್ರದ ಕೊಳವೆಯ ತುದಿ ಚಪ್ಪಟೆ ಮಾಡಿ, ಬ್ಲಾಕಿಗೆ ಬೋಲ್ಟು ಬಿಗಿದು, ರಬ್ಬರ್ ನಳಿಕೆಯಿಂದ ಕಿವಿಗವುಸಿಗೆ ಜೋಡಿಸಿ ಡಾಕ್ಟರ ಸ್ಟೆತಸ್ಕೋಪಿನ ಹಾಗೆ ಆಲಿಸುವ ಉಪಾಯ ಟ್ಯೂನರುಗಳಲ್ಲಿ ಬಹುಕಾಲದಿಂದ ಇದೆ. ಈಗ ಸೆನ್ಸರಿನ ಸದ್ದನ್ನು ಹೆಡ್‌ಫೋನಿಗೆ ಕೊಡುವ ಸಾಧನಗಳೂ ಬಂದಿವೆ. ಆದರೆ ನಾಕಿಂಗ್ ಯಾವುದು, ವಾಲ್ವಿನ ಸದ್ದು ಯಾವುದು ಎಂದು ಬಿಡಿಸಿ ಹೇಳುವ ಕಿವಿ, ಒಮ್ಮೆಯಾದರೂ ಬೇಕೆಂದೇ ನಾಕ್ ಮಾಡಿಸಿ ಕೇಳಿಸಿದ ಗುರುವಿನ ಪಕ್ಕ ಕೂತಲ್ಲದೆ ಬರುವುದಿಲ್ಲ.

ನಾಕಿಂಗ್ ಭಯವನ್ನು ಬದಿಗಿಟ್ಟರೂ ಇನ್ನೊಂದು ತೊಡಕಿದೆ. ಕಿಡಿಯನ್ನು ಒಂದೊಂದೇ ಡಿಗ್ರಿ ಮುಂದೆ ತಂದರೆ ಎಂಜಿನ್ನಿನ ಟಾರ್ಕ್ ಏರುತ್ತಾ ಹೋಗಿ, ಗುಡ್ಡದ ನೆತ್ತಿಯ ಹಾಗೆ ಸಮತಟ್ಟಾಗಿ, ಆಮೇಲೆ ಇಳಿಯುತ್ತದೆ. ನೆತ್ತಿ ಮುಟ್ಟುವಷ್ಟರಲ್ಲಿ ನಿಲ್ಲಿಸುವುದು ಜಾಣತನ. ಅಲ್ಲಿಂದ ಮುಂದಿನ ಪ್ರತಿ ಡಿಗ್ರಿ ಲಾಭವಿಲ್ಲದ ಅಪಾಯ. ಬೂಸ್ಟ್ ಜೋರಾಗಿದ್ದರೆ ನೆತ್ತಿಗೆ ಮುಂಚೆಯೇ ನಾಕಿಂಗ್ ಎದುರಾಗುತ್ತದೆ. ಇದನ್ನು ತಿಳಿಯಲು ಟಾರ್ಕ್ ಅಳೆಯಲೇಬೇಕು. ಡೈನೊ ಎಂಜಿನನ್ನು ಒಂದೇ ವೇಗದಲ್ಲಿ, ಒಂದೇ ಒತ್ತಡದಲ್ಲಿ ಹಿಡಿದು ನಿಲ್ಲಿಸಿ ಡಿಗ್ರಿಗೊಮ್ಮೆ ಟಾರ್ಕ್ ತೋರಿಸುತ್ತದೆ. ಬೀದಿಯಲ್ಲಿ ಸಿಗುವುದು ಬೆನ್ನು ಸೀಟಿಗೆ ಒತ್ತಿದ ಅನುಭವ ಮಾತ್ರ. ಲಾಗಿನಲ್ಲಿನ ವೇಗ ಏರಿಕೆಯಿಂದ ಶಕ್ತಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಇವೆ. ರಸ್ತೆಯ ಏರಿಳಿತ, ಎದುರುಗಾಳಿ, ಟ್ಯಾಂಕಿನ ಪೆಟ್ರೋಲಿನ ತೂಕ ಎಲ್ಲ ಸೇರಿ ಬರುವ ದೋಷ, ಒಂದೆರಡು ಡಿಗ್ರಿ ತರುವ ವ್ಯತ್ಯಾಸವನ್ನು ಸುಲಭವಾಗಿ ನುಂಗಿಬಿಡುತ್ತದೆ.

ಇಂಧನದ ತಪ್ಪಿಗೆ ಅಂಕಿ ತಕ್ಷಣ ಉತ್ತರ ಕೊಡುತ್ತದೆ. ಕಿಡಿಯ ತಪ್ಪಿಗೆ ಉತ್ತರ ಬರುವುದು ಪಿಸ್ಟನ್ ಮುರಿದ ಮೇಲೆ. ಉತ್ತರವೇ ಬಾರದ ಪ್ರಶ್ನೆಯನ್ನು ನೂರು ಸಲ ಕೇಳಿದರೂ ಕಲಿಕೆ ಆಗುವುದಿಲ್ಲ. ಬೀದಿಯಲ್ಲಿ ಕಿಡಿ ಮುಂದೆ ತಂದು, ಏನೂ ಆಗಲಿಲ್ಲ ನೋಡಿ ಎನ್ನುವವರ ತಪ್ಪು ಇರುವುದು ಇಲ್ಲೇ: ಏನೂ ಆಗಲಿಲ್ಲ ಎಂಬುದನ್ನು ಅವರು ಸರಿಯಿದೆ ಎಂದು ಓದಿಕೊಳ್ಳುತ್ತಾರೆ.

ರಸ್ತೆಯ ಲೆಕ್ಕ

ಇನ್ನು ರಸ್ತೆಯ ಮಾತು. ಪೂರ್ತಿ ಬೂಸ್ಟಿನ ಮನೆಗಳನ್ನು ತುಂಬಲು ಬೀದಿಯ ಟ್ಯೂನರುಗಳು ಮಾಡುವುದು ‘ಪುಲ್’: ಮೂರನೇ ಗೇರಿನಲ್ಲಿ 2500 ಸುತ್ತಿನಿಂದ 6500ರವರೆಗೆ ಪೆಡಲ್ ಪೂರ್ತಿ ತುಳಿದು ಹಿಡಿಯುವುದು. ಮಿಯಾಟಾದ ಮೂರನೇ ಗೇರು 1.33, ಹಿಂದಿನ ಗೇರು 4.10, ಚಕ್ರದ ಸುತ್ತಳತೆ 1.8 ಮೀಟರ್. ಲೆಕ್ಕ ಹಾಕಿದರೆ ಪುಲ್ ಶುರುವಾಗುವುದು ಗಂಟೆಗೆ 50 ಕಿಮೀಯಲ್ಲಿ, ಮುಗಿಯುವುದು ಸುಮಾರು 130ರಲ್ಲಿ. ಎರಡನೇ ಗೇರಿಗೆ ಇಳಿದರೆ 91ಕ್ಕೇ ಮುಗಿಯುತ್ತದೆ, ಆದರೆ ಟರ್ಬೊ ಎಚ್ಚರಾಗಿ ಸೆನ್ಸರ್ ಓದುವಷ್ಟರಲ್ಲಿ ಗೇರೇ ಮುಗಿದಿರುತ್ತದೆ. ಗಂಟೆಗೆ 130 ಕಿಮೀ ಎಂದರೆ ಸೆಕೆಂಡಿಗೆ 36 ಮೀಟರ್. ಓಡಿಸುವವನೇ ಒಂದು ಸೆಕೆಂಡು ಲ್ಯಾಪ್‌ಟಾಪ್ ಕಡೆ ಕಣ್ಣು ಹಾಯಿಸಿದರೆ ಮೂರು ಬಸ್ಸುಗಳ ಉದ್ದವನ್ನು ಕುರುಡಾಗಿ ದಾಟಿರುತ್ತಾನೆ.

ಅಮೆರಿಕದ ಕಾನೂನು ಈ ವಿಷಯದಲ್ಲಿ ಎರಡು ಕಡೆಯಿಂದ ಬರುತ್ತದೆ. ವೇಗದ ಮಿತಿ, ಸ್ಪರ್ಧೆಯ ನಿಷೇಧ ಒಂದು ಕಡೆ. ಹೊಗೆ ನಿಯಂತ್ರಣದ ಭಾಗಗಳನ್ನು ಕೆಡಿಸುವುದನ್ನು ನಿಷೇಧಿಸುವ ಕ್ಲೀನ್ ಏರ್ ಕಾಯ್ದೆ ಇನ್ನೊಂದು ಕಡೆ. ಕ್ಯಾಲಿಫೋರ್ನಿಯದಲ್ಲಂತೂ ಅನುಮತಿ ಸಂಖ್ಯೆ ಇಲ್ಲದ ಟರ್ಬೊ ಕಿಟ್ ಹೊಗೆ ತಪಾಸಣೆ ದಾಟುವುದಿಲ್ಲ.

ಡೈನೊ, ದೂರಶಿಕ್ಷಣ, ರೆಡಿಮೇಡ್ ಮ್ಯಾಪ್

ಬೀದಿಯನ್ನು ಬಿಟ್ಟರೆ ಮೂರು ದಾರಿಗಳಿವೆ. ಸಾವಿರಾರು ಕಾರಿಗೆ ಒಂದೇ ಎಂಬಂತೆ ತುಂಬಿ ಬರುವ ಕೋಷ್ಟಕ, ಅಂದರೆ ರೆಡಿಮೇಡ್ ಮ್ಯಾಪ್, ಮೊದಲನೆಯದು. ಬದಲಾವಣೆ ಕಡಿಮೆ ಇದ್ದ ಕಾರಿಗೆ ಇದು ಸಾಕು. ಇದರಿಂದ ಕಲಿಯುವುದು ಏನೂ ಇಲ್ಲ. ಎರಡನೆಯದು ದೂರದ ಟ್ಯೂನರ್ ಇಮೇಲಿನಲ್ಲಿ ಮ್ಯಾಪ್ ಕಳಿಸುವುದು, ಗ್ರಾಹಕ ಓಡಿಸಿ ಲಾಗ್ ಕಳಿಸುವುದು. ಒಳ್ಳೆಯ ಟ್ಯೂನರ್ ಸಿಕ್ಕರೆ ಪ್ರತಿ ತಿದ್ದುಪಡಿಯೂ ಒಂದು ಪಾಠ. ಆದರೆ ಪುಲ್ ಮಾಡುವ ಅಪಾಯ ಗ್ರಾಹಕನ ಪಾಲಿಗೇ ಉಳಿಯುತ್ತದೆ, ಎಂಜಿನ್ ಸದ್ದು ಟ್ಯೂನರಿನ ಕಿವಿಗೆ ಬೀಳುವುದಿಲ್ಲ. ಮೂರನೆಯದು ಡೈನೊ. ಖರ್ಚು ಹೆಚ್ಚು, ಸಮಯ ಕಡಿಮೆ. ಬಾಗಿಲ ಹೊರಗೆ ನಿಂತು ಕಾಯುವ ಗ್ರಾಹಕನಿಗೆ ಕೊನೆಗೆ ಕೈಗೆ ಸಿಗುವುದು ಒಂದು ಗ್ರಾಫ್. ಪಕ್ಕ ಕೂರಲು ಬಿಡುವ, ಕೇಳಿದ್ದಕ್ಕೆ ಉತ್ತರಿಸುವ ಟ್ಯೂನರನ್ನು ಹುಡುಕಿದವನಿಗೆ ಮಾತ್ರ ಡೈನೊ ಶಾಲೆಯಾಗುತ್ತದೆ. ಓದುವವರಿಗೆ ಕಾರ್ಕಿ ಬೆಲ್ಲರ ‘ಮ್ಯಾಕ್ಸಿಮಮ್ ಬೂಸ್ಟ್’ ಈಗಲೂ ಒಳ್ಳೆಯ ಆರಂಭ; ಇಸಿಯು ವಿಷಯದಲ್ಲಿ ಹಳತಾಗಿದೆ, ಗಾಳಿ ಮತ್ತು ಶಾಖದ ವಿಷಯದಲ್ಲಿ ಹಳತಾಗಿಲ್ಲ.

ನಮ್ಮ ನೆಲದ ಮೂರು ಎಚ್ಚರಿಕೆ

ಬೇರೆ ನೆಲದಲ್ಲಿ ಹುಟ್ಟಿದ ಈ ವಿದ್ಯೆಯನ್ನು ಬೆಂಗಳೂರಿಗೆ ತಂದುಕೊಳ್ಳುವ ಹುಡುಗರಿಗೆ ಮೂರು ಮಾತು ಹೇಳಲೇಬೇಕು.

ಮೊದಲನೆಯದು ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಶೇ 10ರಷ್ಟು ಕಡಿಮೆ. ಮ್ಯಾನಿಫೋಲ್ಡಿನಲ್ಲಿ 200 ಕಿಲೋಪಾಸ್ಕಲ್ ಬೇಕೆಂದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು ಎರಡು ಪಟ್ಟು ಒತ್ತಬೇಕು, ಬೆಂಗಳೂರಿನಲ್ಲಿ 2.2 ಪಟ್ಟು. ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ, ಗಾಳಿ ಇನ್ನೂ ಕಾಯುತ್ತದೆ. ಹೊರಗಿನ ಒತ್ತಡದ ಮೇಲೆ ಇಷ್ಟೆಂದು ಬೂಸ್ಟ್ ಹಿಡಿದಿಡುವ ವೇಸ್ಟ್‌ಗೇಟಿನ ಸ್ಪ್ರಿಂಗನ್ನಷ್ಟೇ ನಂಬಿ ಇಲ್ಲಿ ಟ್ಯೂನ್ ಮಾಡಿದ ಕಾರು ಶಿರಾಡಿ ಘಾಟಿ ಇಳಿದರೆ ಕೋಷ್ಟಕದ ಬೇರೆಯೇ ಮನೆಗಳಿಗೆ, ಯಾರೂ ಮುಟ್ಟಿ ನೋಡದ ಮೇಲಿನ ಸಾಲಿಗೆ ಹೋಗಬಹುದು.

ಎರಡನೆಯದು ಪೆಟ್ರೋಲು. ಕ್ಯಾಲಿಫೋರ್ನಿಯದ ಬಂಕಿನಲ್ಲಿ ಬರೆದ 91 ಮತ್ತು ನಮ್ಮಲ್ಲಿ ಇ-20ಕ್ಕೆ ಮುಂಚೆ ಸಿಗುತ್ತಿದ್ದ 91 ಒಂದೇ ಅಲ್ಲ. ಅವರದು ಎರಡು ಪರೀಕ್ಷೆಗಳ ಸರಾಸರಿ, ನಮ್ಮದು ಆರ್‌ಒಎನ್ ಒಂದೇ ಪರೀಕ್ಷೆಯ ಅಂಕಿ. ಅವರ 91 ನಮ್ಮ ಲೆಕ್ಕದಲ್ಲಿ 95ರ ಮೇಲೆ. ಅಲ್ಲಿನ ಕೋಷ್ಟಕದ ಕಿಡಿಯ ಅಂಕಿಗಳನ್ನು ನಕಲು ಮಾಡಿ ಇಲ್ಲಿನ 91 ಆರ್‌ಒಎನ್ ಪೆಟ್ರೋಲು ಹಾಕುವುದು ನಾಕಿಂಗನ್ನು ಮನೆಗೆ ಕರೆದಂತಿತ್ತು. ಇದರ ಜೊತೆಗೆ ಎಥನಾಲ್. ಶೇ 10 ಎಥನಾಲ್ ಇದ್ದ ಪೆಟ್ರೋಲಿಗೆ ಪೂರ್ತಿ ಉರಿಯಲು ಬೇಕಾದ ಗಾಳಿಯ ಅನುಪಾತ ಸುಮಾರು 14.1, ಈಗಿನ ಶೇ 20ರ ಇ-20ಕ್ಕೆ ಸುಮಾರು 13.5. ಇ-10ರಲ್ಲಿ ಹೊಂದಿಸಿದ ಕಾರಿಗೆ ಇ-20 ತುಂಬಿದರೆ ಬೂಸ್ಟಿನಲ್ಲಿ ಶೇ 4ರಷ್ಟು ಲೀನ್. ನಿಧಾನ ಓಟದಲ್ಲಿ ಸೆನ್ಸರ್ ನೋಡಿ ಇಸಿಯು ಸರಿ ಮಾಡಿಕೊಳ್ಳುತ್ತದೆ. ಪೂರ್ತಿ ಬೂಸ್ಟಿನಲ್ಲಿ ಹಲವು ಇಸಿಯುಗಳು ಕೋಷ್ಟಕವನ್ನೇ ನಂಬುತ್ತವೆ. ಮೀಟರಿನಲ್ಲಿ ಅನುಪಾತದ ಬದಲು ಲ್ಯಾಂಬ್ಡಾ ಓದುವ ಅಭ್ಯಾಸ ಮಾಡಿಕೊಂಡರೆ ಈ ಗೊಂದಲ ಅರ್ಧ ಕಳೆಯುತ್ತದೆ.

ಮೂರನೆಯದು ಕಾನೂನು. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಪ್ರಕಾರ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸಾರ್ವಜನಿಕ ರಸ್ತೆಯಲ್ಲಿ ವಾಹನಗಳ ನಡುವಿನ ರೇಸಿಂಗಿನ ಜೊತೆಗೆ ‘ವೇಗದ ಪರೀಕ್ಷೆ’ಯನ್ನೂ 189ನೇ ಸೆಕ್ಷನ್ ಅಪರಾಧವೆನ್ನುತ್ತದೆ.  ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿ ಗಂಟೆಗೆ 100 ಕಿಮೀ. ಮೂರನೇ ಗೇರಿನ ಪುಲ್ ಅದನ್ನು ದಾಟಿ ಮುಗಿಯುತ್ತದೆ. ಪುಲ್ ಮಾಡಲೇಬೇಕೆನ್ನುವವರಿಗೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟುಕೋಟ್ಟೈ ಟ್ರ್ಯಾಕ್ ಬೆಂಗಳೂರಿನಿಂದ ಒಂದೇ ದಿನದ ದಾರಿ.

ಹಾಗಾದರೆ ತೀರ್ಪು

ಸಮೀಕ್ಷೆಯ ಕೊನೆಗೆ ನನ್ನ ಅಭಿಪ್ರಾಯ ಇದು. ಬೀದಿ ಶಾಲೆಯೇ ಅಲ್ಲ ಎನ್ನುವವರು, 256 ಮನೆಗಳಲ್ಲಿ ನಾವು ದಿನವೂ ಓಡಾಡುವ ಮನೆಗಳನ್ನು ಮರೆತಿದ್ದಾರೆ. ಸ್ಟಾರ್ಟಿಂಗು, ಐಡಲ್, ನಿರಾಳ ಓಟ, ಮೆಲುವಾದ ವೇಗವರ್ಧನೆ, ಸಿಗ್ನಲ್ಲಿನ ಬಿಸಿ ಇವನ್ನು ಕಾನೂನಿನ ಮಿತಿಯೊಳಗೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ನೋಡಲು ಇನ್ನೊಬ್ಬರನ್ನು ಕೂರಿಸಿಕೊಂಡು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದಿಟ್ಟು ಕಲಿಯಬಹುದು, ಕಲಿಯಬೇಕು. ಬೀದಿಯೇ ಸಾಕು ಎನ್ನುವವರು, ಮೇಲಿನ ಸಾಲಿನ ಮನೆಗಳಲ್ಲಿ ಕೇಳಿದ ಪ್ರಶ್ನೆಗೆ ರಸ್ತೆ ಉತ್ತರ ಕೊಡುವುದಿಲ್ಲ ಎಂಬುದನ್ನು ಮರೆತಿದ್ದಾರೆ. ಅಲ್ಲಿ ಬೂಸ್ಟನ್ನು ಸ್ಪ್ರಿಂಗಿನ ಕನಿಷ್ಠಕ್ಕೆ ಇಟ್ಟು, ಕಿಡಿಯನ್ನು ಹಿಂದೆ ಉಳಿಸಿ, ಡೈನೊ ದಿನಕ್ಕೆ ಕಾಯುವುದೇ ಲೇಸು.

ಟರ್ಬೊ ಕಿಟ್ಟಿಗೆ ಹಣ ಕೂಡಿಸುತ್ತಿರುವವರಿಗೆ ಒಂದು ಮಾತು. ಆ ಗಂಟಿನಲ್ಲಿ ಮೊದಲು ವೈಡ್‌ಬ್ಯಾಂಡ್ ಸೆನ್ಸರಿಗೆ, ಆಮೇಲೆ ಡೈನೊದ ಒಂದು ಪೂರ್ತಿ ದಿನಕ್ಕೆ ತೆಗೆದಿಡಿ. ಉಳಿದದ್ದರಲ್ಲಿ ಎಷ್ಟು ದೊಡ್ಡ ಟರ್ಬೊ ಬರುತ್ತದೋ ಅಷ್ಟು ಸಾಕು.